ನಾಲ್ಕನೆಯ ಚುಕ್ಕೆ

"ಗುರುಗಳೇ, ತಪ್ಪು ನನ್ನಿಂದ ಆದದ್ದಲ್ಲವೆಂದು ತಿಳಿದ ಮೇಲೂ ನಾಚಿಕೆ ಹೋಗುತ್ತಿಲ್ಲ. ಇದೇಕೆ?" ಎಂದು ಶಿಷ್ಯ ಕೇಳಿದ.

ಏನಾಯಿತೆಂದು ಗುರುಗಳು ಕೇಳಲಿಲ್ಲ. ಸನ್ಯಾಸಕ್ಕೆ ಬರುವ ಮೊದಲು ಅವರು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಆ ಕಾಲದಲ್ಲಿ ತಮ್ಮ ಕಿವಿಗೆ ಬಿದ್ದ ಒಂದು ಸಂಗತಿಯನ್ನು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಮುದ್ರಣಾಲಯವಿತ್ತು. ಅಲ್ಲಿ ಅಂಧ ಮಕ್ಕಳಿಗಾಗಿ ಬ್ರೈಲ್ ಪಠ್ಯಪುಸ್ತಕಗಳನ್ನು ಮುದ್ರಿಸುತ್ತಿದ್ದರು. ಕೆಲಸದವರು ಐದೇ ಜನ. ಅವರ ಮೇಲೆ ಒಬ್ಬ ಮೇಲ್ವಿಚಾರಕ. ಕಂಪ್ಯೂಟರನ್ನೂ ಚುಕ್ಕೆ ಒತ್ತುವ ಯಂತ್ರವನ್ನೂ ನೋಡಿಕೊಳ್ಳುವ ಹೊಣೆ ಅವನದೇ. ಶಿಸ್ತಿನ ಮನುಷ್ಯ. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅಕ್ಷರ ಜೋಡಿಸುವ ಕೆಲಸ ಮಹದೇವಮ್ಮ ಎಂಬ ಹೆಂಗಸಿನದು. ಆಕೆಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಬ್ರೈಲ್ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕೆಗಳ ಜಾಗ. ಎಡಸಾಲಿನಲ್ಲಿ ಮೂರು, ಬಲಸಾಲಿನಲ್ಲಿ ಮೂರು. ಯಾವ ಚುಕ್ಕೆ ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ ಅಕ್ಷರ. ಮಹದೇವಮ್ಮ ಆರು ಬೆರಳುಗಳಿಂದ ಆರು ಕೀಲಿಗಳನ್ನು ಒತ್ತುತ್ತಿದ್ದಳು. ಹದಿನೇಳು ವರ್ಷ ಅದೇ ಕೆಲಸ. ಬೆಳಿಗ್ಗೆ ಒಂದೊಂದು ಪಾಠದ ಕರಡನ್ನೂ ತೆಗೆದು ಬೆರಳಾಡಿಸಿ ತಿದ್ದುತ್ತಿದ್ದಳು. ಎಲ್ಲ ಪಾಠಗಳು ಮುಗಿದ ಮೇಲೆ, ಮಧ್ಯಾಹ್ನದ ಹೊತ್ತು, ಅವನ್ನೆಲ್ಲ ಒಂದು ಪುಸ್ತಕವಾಗಿ ಸೇರಿಸಿ ಮುದ್ರಣಕ್ಕೆ ಕಳಿಸುತ್ತಿದ್ದಳು.

ಒಂದು ವರ್ಷ ಶಾಲೆಗಳು ಶುರುವಾದ ಹೊಸದರಲ್ಲಿ ಮೇಲ್ವಿಚಾರಕನಿಗೆ ಒಂದು ಪತ್ರ ಬಂತು. ಬರೆದವರು ಅಂಧ ಮಕ್ಕಳ ಶಾಲೆಯ ಒಬ್ಬ ಮೇಷ್ಟರು. ಮೂರನೆಯ ತರಗತಿಯ ಪುಸ್ತಕದಲ್ಲಿ 'ಗಿಡ ಬೆಳೆಯಲು ಮಣ್ಣು ಬೇಕು' ಎಂದಿರಬೇಕಾದ ಕಡೆ 'ಗಿಡ ಬೆಳೆಯಲು ಕಣ್ಣು ಬೇಕು' ಎಂದು ಅಚ್ಚಾಗಿತ್ತು. ಅದನ್ನು ಓದಿದ ಒಂದು ಹುಡುಗಿ, ಹಾಗಾದರೆ ನಾವು ಗಿಡ ನೆಡಬಾರದೇ ಸಾರ್ ಎಂದು ಕೇಳಿದಳಂತೆ. ಏನು ಹೇಳಬೇಕೆಂದು ತಮಗೆ ತಕ್ಷಣ ತೋಚಲಿಲ್ಲ ಎಂದು ಮೇಷ್ಟರು ಬರೆದಿದ್ದರು.

ಪತ್ರ ಓದಿದ ಮೇಲ್ವಿಚಾರಕನ ಮುಖ ಕೆಂಪಾಯಿತು. ತನ್ನ ಮುದ್ರಣಾಲಯದ ಹೆಸರು ಕೆಟ್ಟಿತು ಎಂದು ಮೊದಲು ಅನಿಸಿತು. ಆ ಹುಡುಗಿಯ ನೆನಪು ಬಂದದ್ದು ಆಮೇಲೆ. ಅವನು ಐದೂ ಜನರನ್ನು ಕರೆದು ನಿಲ್ಲಿಸಿ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ.

ಪತ್ರದ ಜೊತೆ ಮೇಷ್ಟರು ಕಳಿಸಿದ್ದ ಪುಸ್ತಕದ ಹಾಳೆಯನ್ನು ಮಹದೇವಮ್ಮ ಕೇಳಿ ಪಡೆದು ಬೆರಳಾಡಿಸಿದಳು.

"ನಾನು ಒತ್ತಿದ್ದು 'ಮ' ಅಕ್ಷರವೇ ಸಾರ್. 'ಮ'ಕ್ಕೆ ಮೂರು ಚುಕ್ಕೆ. ಅದರಲ್ಲಿ ನಾಲ್ಕನೆಯ ಜಾಗದ ಚುಕ್ಕೆ ಬಿದ್ದಿಲ್ಲ. ಅದೊಂದು ಹೋದರೆ 'ಮ' ಹೋಗಿ 'ಕ' ಆಗುತ್ತದೆ. ಬೆಳಗಿನ ಕರಡು ತೆಗೆದು ನೋಡಿ, ಅದರಲ್ಲಿ ಸರಿಯಿರುತ್ತದೆ" ಎಂದಳು.

ಕರಡುಗಳು ಮೇಲ್ವಿಚಾರಕನ ಬೀರುವಿನಲ್ಲೇ ಇದ್ದವು. ಅವನು ತೆಗೆದು ನೋಡಲಿಲ್ಲ. ಕರಡು ಸರಿಯಿದ್ದರೂ ಆಮೇಲೆ ಪಾಠಗಳನ್ನು ಸೇರಿಸುವಾಗ ಕೈ ತಾಗಿರಬಹುದು ಎಂದುಕೊಂಡ. ಆದರೂ ತನ್ನ ಕಡೆಯಿಂದ ಲೋಪ ಇರಬಾರದೆಂದು ಚುಕ್ಕೆ ಒತ್ತುವ ಯಂತ್ರವನ್ನು ಬಿಚ್ಚಿ ನೋಡಿದ. ಅದರ ಮೊಳೆಗಳೆಲ್ಲ ಸರಿಯಾಗಿ ಏಳುತ್ತಿದ್ದವು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಅದರಲ್ಲೇ ಇದ್ದ ಒಂದು ತಪಾಸಣೆಯನ್ನು ಓಡಿಸಿದ. ಹತ್ತು ನಿಮಿಷ ಹಿಡಿಯಿತು. ಮೆಮೊರಿಯಲ್ಲಿ ದೋಷ ಕಂಡುಬಂದಿಲ್ಲ ಎಂದು ಪರದೆಯ ಮೇಲೆ ಬಂತು. ಅದನ್ನೇ ಒಂದು ಕಾಗದದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಗೋಡೆಗೆ ಅಂಟಿಸಿದ. ಯಂತ್ರ ನಿರ್ದೋಷಿಯಾಯಿತು.

ಆ ತಿಂಗಳಲ್ಲಿ ಇನ್ನೂ ಎರಡು ಪುಸ್ತಕಗಳಲ್ಲಿ ತಪ್ಪು ಕಂಡಿತು. 'ಮಳೆ' ಎಂಬುದು 'ಕಳೆ'ಯಾಗಿತ್ತು, 'ಮರ' ಎಂಬುದು 'ಕರ'ವಾಗಿತ್ತು. ಮಹದೇವಮ್ಮ ಅವನ ಮೇಜಿನ ಬಳಿಗೆ ಬಂದು ನಿಂತಳು.

"ನಾನು ಲೆಕ್ಕವಿಟ್ಟು ನೋಡಿದ್ದೇನೆ ಸಾರ್. ಪ್ರತಿ ಸಲವೂ ಹೋಗುವುದು ನಾಲ್ಕನೆಯ ಚುಕ್ಕೆಯೇ. ಸಣ್ಣ ಪಾಠದಲ್ಲಿ ಹೋಗುವುದಿಲ್ಲ, ದೊಡ್ಡ ಪುಸ್ತಕದಲ್ಲಿ ಮಾತ್ರ. ಅದೂ ಊಟದ ಮೇಲೆಯೇ. ಬೆರಳು ತಪ್ಪುವುದಾದರೆ ಎಲ್ಲ ಬೆರಳೂ ತಪ್ಪಬೇಕಲ್ಲ?"

ಮೇಲ್ವಿಚಾರಕ ತಲೆ ಎತ್ತದೆ ಹೇಳಿದ, "ಊಟದ ಮೇಲೆ ನಿದ್ದೆ ಯಾರಿಗೆ ತಾನೇ ಬರುವುದಿಲ್ಲ ಮಹದೇವಮ್ಮನವರೇ? ಆದರೆ ನಾವು ಅದನ್ನು ಯಂತ್ರದ ಮೇಲೆ ಹಾಕುವುದಿಲ್ಲ."

ಕೋಣೆಯಲ್ಲಿ ಉಳಿದವರಿಗೂ ಅದು ಕೇಳಿಸಿತು. ಒಬ್ಬ ನಕ್ಕ. ಮಹದೇವಮ್ಮ ಕುರ್ಚಿ ಎಲ್ಲಿದೆಯೆಂದು ಕೈಯಿಂದ ಮುಟ್ಟಿ ನೋಡಿಕೊಂಡು, ದಾಟಿ ಹೋದಳು. ಹದಿನೇಳು ವರ್ಷ ಓಡಾಡಿದ ಕೋಣೆಯಲ್ಲಿ ಆಕೆ ಕುರ್ಚಿ ಹುಡುಕಿದ್ದು ಅದೇ ಮೊದಲು. ಮೇಲ್ವಿಚಾರಕ ಅದನ್ನು ನೋಡಿದ. ನೋಡಿಯೂ ಕಾಗದಕ್ಕೆ ಕಣ್ಣು ತಿರುಗಿಸಿದ.

ಮರುದಿನ ಆಕೆಯನ್ನು ಕೀಲಿಗಳಿಂದ ತೆಗೆದು ಪುಸ್ತಕ ಕಟ್ಟುವ ಕೋಣೆಗೆ ಹಾಕಿದ. ಹಾಳೆಗಳನ್ನು ಪುಟದ ಪ್ರಕಾರ ಜೋಡಿಸಿ, ಅಂಚು ತಟ್ಟಿ ಕೊಡುವ ಕೆಲಸ. ಹೊಸಬರು ಸಿಗುವವರೆಗೆ ಅಕ್ಷರ ಜೋಡಿಸಲು ತಾನೇ ಕುಳಿತ. ಅವನಿಗೆ ಬ್ರೈಲ್ ಬರುತ್ತಿತ್ತು, ಆದರೆ ಬೆರಳಿನಿಂದಲ್ಲ, ಕಣ್ಣಿನಿಂದ. ನಿಧಾನವಾಗಿ, ಬೆಳಗಿನ ಹೊತ್ತು, ಸಣ್ಣ ಸಣ್ಣ ಪಾಠಗಳನ್ನು ಜೋಡಿಸಿದ. ಒಂದು ತಪ್ಪೂ ಬರಲಿಲ್ಲ. ಎರಡು ವಾರ ಹೀಗೆ ನಡೆಯಿತು. ತಾನು ಮಾಡಿದ್ದು ಸರಿ ಎಂದು ಅವನಿಗೆ ಗಟ್ಟಿಯಾಯಿತು. ಸಂತೋಷವೂ ಆಯಿತು.

ಆಮೇಲೆ ಐದನೆಯ ತರಗತಿಯ ಇಡೀ ಪುಸ್ತಕ ಬಂತು. ಪಾಠಗಳನ್ನೆಲ್ಲ ಸೇರಿಸಿ, ಮಧ್ಯಾಹ್ನ ಮುದ್ರಣಕ್ಕೆ ಹಾಕಿದ. ಮೊದಲ ಪ್ರತಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಾ ಹೋದ. ಮೂವತ್ತನೆಯ ಪುಟದಲ್ಲಿ ಅವನ ಕೈ ನಿಂತಿತು. 'ಪ' ಇರಬೇಕಾದ ಕಡೆ 'ಲ' ಇತ್ತು. 'ಪ'ದಲ್ಲಿ ನಾಲ್ಕನೆಯ ಚುಕ್ಕೆ ಹೋದರೆ 'ಲ'.

ಆ ಅಕ್ಷರ ಜೋಡಿಸಿದವನು ಅವನೇ. ಅವನಿಗೆ ನಿದ್ದೆ ಬಂದಿರಲಿಲ್ಲ.

ಆಗ ಅವನು ಮಾಡಿದ್ದನ್ನು ಕೇಳು. ಬಾಗಿಲು ಮುಂದೆ ಮಾಡಿದ. ಮೇಜಿನ ಖಾನೆಯಿಂದ ಕೈಯಲ್ಲಿ ಚುಕ್ಕೆ ಒತ್ತುವ ಮೊಳೆ ತೆಗೆದು, ಹಾಳೆಯನ್ನು ಮಗುಚಿ, ಇಲ್ಲದ ಚುಕ್ಕೆಯನ್ನು ತಾನೇ ಒತ್ತಿದ. ಬೆರಳಿನಿಂದ ಸವರಿ ನೋಡಿದ. ಗೊತ್ತಾಗುವಂತಿರಲಿಲ್ಲ. ಮೊದಲ ದಿನ ಮೂರು ಚುಕ್ಕೆ ಒತ್ತಿದ. ಮರುದಿನ ಒಂಬತ್ತು. ಮೂರನೆಯ ದಿನ ಒಂದೇ ಪ್ರತಿಯಲ್ಲಿ ಹದಿನಾಲ್ಕು. ಗೋಡೆಯ ಆಚೆ ಪುಸ್ತಕ ಕಟ್ಟುವ ಕೋಣೆ. ಮಹದೇವಮ್ಮ ಹಾಳೆಗಳ ಅಂಚು ತಟ್ಟುವ ಸದ್ದು ಕೇಳುತ್ತಿತ್ತು. ಅವನು ಒತ್ತಿದ ಹಾಳೆಗಳು ಆಕೆಯ ಬೆರಳಿನ ಕೆಳಗೇ ಹೋಗಬೇಕಾಗಿತ್ತು. ಅದು ಹೊಳೆದ ಕೂಡಲೇ ಅವನು ಮೊಳೆ ಕೆಳಗಿಟ್ಟ.

ಪಕ್ಕದ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಪರಿಚಯದವನಿದ್ದ. ಮೇಲ್ವಿಚಾರಕ ಅವನಿಗೆ ಫೋನು ಮಾಡಿದ. ತಾನು ಮಾಡಿಸಿದ ತಪಾಸಣೆಯ ವಿಷಯ ಹೇಳಿದ.

"ಅದು ಚಾಪೆಯ ಮೇಲೆ ಕುಳಿತು ಚಾಪೆಯ ಕೆಳಗೆ ಗುಡಿಸಿದ ಹಾಗೆ" ಎಂದ ರಿಪೇರಿಯವನು. "ಕಂಪ್ಯೂಟರ್ ಶುರುವಾದಾಗ ಅದರ ಆಪರೇಟಿಂಗ್ ಸಿಸ್ಟಂ ಹೋಗಿ ಮೆಮೊರಿಯಲ್ಲಿ ಕೂರುತ್ತದೆ. ತಾನು ಕೂತ ಜಾಗವನ್ನು ಅದು ಪರೀಕ್ಷಿಸಲಾರದು. ಒಂದು ಪೆನ್ ಡ್ರೈವ್‌ಗೆ ಮೆಮೊರಿ ಪರೀಕ್ಷೆಯ ಸಾಧನ ಹಾಕಿಕೊಡುತ್ತೇನೆ. ಅದು ತನ್ನಷ್ಟಕ್ಕೆ ನಿಂತು ಕೆಲಸ ಮಾಡುವಂಥದು. ಸಿಸ್ಟಂ ಏಳುವ ಮೊದಲೇ ಅದನ್ನು ಎಬ್ಬಿಸಬೇಕು. ಎಲ್ಲ ಪರೀಕ್ಷೆಗಳನ್ನೂ ಹಾಕಿ. ಕನಿಷ್ಠ ನಾಲ್ಕು ಸುತ್ತು ಓಡಲಿ. ಮೊದಲ ಸುತ್ತು ನೋಡಿ ನಿಲ್ಲಿಸಬೇಡಿ."

ಮರುದಿನ ಬೆಳಿಗ್ಗೆ ಮೇಲ್ವಿಚಾರಕ ಪೆನ್ ಡ್ರೈವ್ ಸಿಕ್ಕಿಸಿ ಕಂಪ್ಯೂಟರ್ ಹಾಕಿದ. ಅದು ರೂಢಿಯಂತೆ ತನ್ನ ಸಿಸ್ಟಂಗೇ ಹೋಯಿತು. ಆರಿಸಿ ಮತ್ತೆ ಹಾಕಿದ. ಮತ್ತೆ ಅದೇ. ಮೂರನೆಯ ಸಲ ಶುರುವಾಗುವಾಗಲೇ ಕೀಲಿ ಒತ್ತಿ ಸೆಟ್ಟಿಂಗ್ಸ್ ಒಳಗೆ ಹೋದ. ಮೊದಲು ಯಾವುದನ್ನು ಎಬ್ಬಿಸಬೇಕೆಂಬ ಪಟ್ಟಿ ಅಲ್ಲಿತ್ತು. ಪೆನ್ ಡ್ರೈವನ್ನು ಮೇಲಕ್ಕೆ ತಂದ. ಗುರುತಿಲ್ಲದ್ದನ್ನು ಒಳಗೆ ಬಿಡದ ಒಂದು ಕಾವಲಿತ್ತು, ಅದನ್ನೂ ತೆಗೆದ. ಆಮೇಲೆ ಪರದೆ ನೀಲಿಯಾಯಿತು. ಚಿತ್ರವಿಲ್ಲ, ಬರಿಯ ಅಕ್ಷರ, ಅಂಕಿ.

ಸಾಧನ ಅವನನ್ನು ಕೇಳಿತು. ಯಾವ ಯಾವ ಪರೀಕ್ಷೆ ಬೇಕು? ಮೆಮೊರಿಯ ಎಲ್ಲಿಂದ ಎಲ್ಲಿಯವರೆಗೆ? ಎಷ್ಟು ಸುತ್ತು? ತಪ್ಪು ಸಿಕ್ಕರೆ ಎಣಿಕೆ ಸಾಕೇ, ಒಂದೊಂದನ್ನೂ ತೋರಿಸಬೇಕೇ?

ರಿಪೇರಿಯವನ ಮಾತು ಅವನ ಕಿವಿಯಲ್ಲಿ ಇನ್ನೂ ಇತ್ತು. ಆದರೂ ಅವನು ಹೊತ್ತು ಹಿಡಿಯುವ ಪರೀಕ್ಷೆಗಳನ್ನು ಬಿಟ್ಟ. ಒಂದೇ ಸುತ್ತು ಎಂದು ಹಾಕಿದ. ಎಣಿಕೆ ಸಾಕು ಎಂದು ಗುರುತು ಮಾಡಿದ. ಅರ್ಧ ಗಂಟೆಯಲ್ಲಿ ಸುತ್ತು ಮುಗಿಯಿತು. ತಪ್ಪುಗಳು ಸೊನ್ನೆ.

ಆ ಸೊನ್ನೆಯನ್ನು ಕಂಡು ಅವನಿಗೆ ಹಾಯೆನಿಸಿತು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಮರುಗಳಿಗೆಯಲ್ಲೇ, ಯಾಕೆ ಹಾಯೆನಿಸಿತು ಎಂದು ತನ್ನನ್ನೇ ಕೇಳಿಕೊಂಡ. ಯಂತ್ರ ಚೆನ್ನಾಗಿರಲಿ ಎಂದು ತಾನು ಬಯಸಿದ್ದು ಮಕ್ಕಳ ಪುಸ್ತಕಕ್ಕಾಗಿ ಅಲ್ಲ. ಆ ಹೆಂಗಸು ತಪ್ಪಿತಸ್ಥೆಯಾಗಿಯೇ ಉಳಿಯಲಿ ಎಂದು. ತಾನು ಕೈಯಾರೆ ಒತ್ತಿದ ಇಪ್ಪತ್ತಾರು ಚುಕ್ಕೆಗಳು ನೆನಪಿನಲ್ಲೇ ಇದ್ದವು. ಇಷ್ಟೆಲ್ಲ ಗೊತ್ತಿದ್ದೂ ತಾನು ಹಾಗೆ ಬಯಸಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು.

ಅವನು ಕಂಪ್ಯೂಟರನ್ನು ಆರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಒಂದು ಪರೀಕ್ಷೆಯನ್ನೂ ಬಿಡಲಿಲ್ಲ. ಮೆಮೊರಿ ಮೊದಲಿನಿಂದ ತುದಿಯವರೆಗೆ. ಸುತ್ತು ನಾಲ್ಕು. ಪ್ರತಿ ತಪ್ಪನ್ನೂ ತೋರಿಸು.

ಮೊದಲ ಸುತ್ತು ಮುಗಿಯಿತು. ಸೊನ್ನೆ. ಎರಡನೆಯದೂ ಸೊನ್ನೆ. ಊಟದ ಹೊತ್ತಾಯಿತು. ಅವನು ಊಟಕ್ಕೆ ಏಳಲಿಲ್ಲ. ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಂದು, ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದರೆ ಬಿಸಿ ತಾಗುವಷ್ಟು ಕಾಯಿತು. ಮೂರನೆಯ ಸುತ್ತು ಅರ್ಧ ದಾಟಿತ್ತು. ಆಗ ಪರದೆಯಲ್ಲಿ ಒಂದು ಕೆಂಪು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ನೋಡುತ್ತಿದ್ದಂತೆ ಪರದೆ ತುಂಬ ಕೆಂಪು.

ಒಂದೊಂದು ಸಾಲಿನಲ್ಲೂ ಎರಡು ಸಂಖ್ಯೆಗಳಿದ್ದವು. ಒಂದು, ಸಾಧನ ಮೆಮೊರಿಯಲ್ಲಿ ಬರೆದದ್ದು. ಇನ್ನೊಂದು, ಮರಳಿ ಓದಿದಾಗ ಸಿಕ್ಕದ್ದು. ಎರಡಕ್ಕೂ ವ್ಯತ್ಯಾಸ ಒಂದೇ ಕಡೆ. ಎಫ್ ಎಂದು ಬರೆದಿದ್ದ ಜಾಗದಲ್ಲಿ ಏಳು. ಅವನು ಕಾಗದ ತೆಗೆದುಕೊಂಡು ಬಿಡಿಸಿ ಬರೆದ. ಒಂದು, ಸೊನ್ನೆಗಳಷ್ಟೇ ಇರುವ ಕಂಪ್ಯೂಟರಿನ ಲೆಕ್ಕದಲ್ಲಿ ಎಫ್ ಎಂದರೆ ನಾಲ್ಕು ಒಂದುಗಳು. ಏಳು ಎಂದರೆ ಮೂರು ಒಂದುಗಳು, ನಾಲ್ಕನೆಯ ಜಾಗದಲ್ಲಿ ಸೊನ್ನೆ. ಕಂಪ್ಯೂಟರ್ ಬ್ರೈಲ್ ಅಕ್ಷರವನ್ನು ಇಟ್ಟುಕೊಳ್ಳುವುದೂ ಹಾಗೆಯೇ, ಒಂದು ಚುಕ್ಕೆಗೆ ಒಂದು ಜಾಗ. ಮುಂದಿನ ಸಾಲನ್ನು ಬಿಡಿಸಿದ. ನಾಲ್ಕನೆಯ ಜಾಗ. ಅದರ ಮುಂದಿನದು. ನಾಲ್ಕನೆಯ ಜಾಗ. ಇಪ್ಪತ್ತು ಸಾಲು ಬಿಡಿಸಿದ ಮೇಲೆ ಪೆನ್ಸಿಲ್ ಕೆಳಗಿಟ್ಟ. ತಪ್ಪುಗಳೆಲ್ಲ ಮೆಮೊರಿಯ ತುದಿಯ ಕಡೆ, ದೊಡ್ಡ ಪುಸ್ತಕ ಮಾತ್ರ ತಲುಪುವ ಜಾಗದಲ್ಲಿದ್ದವು. ಆಕೆ ಮೂರು ಮಾತು ಹೇಳಿದ್ದಳು. ನಾಲ್ಕನೆಯ ಚುಕ್ಕೆ, ದೊಡ್ಡ ಪುಸ್ತಕ, ಊಟದ ಮೇಲೆ. ಆ ಮೂರನ್ನು ಪರದೆ ಈಗ ಅವನಿಗೆ ಅಕ್ಷರಕ್ಕೆ ಅಕ್ಷರ ಓದಿ ಹೇಳುತ್ತಿತ್ತು.

ಬೀರು ತೆಗೆದು ಮೂರನೆಯ ತರಗತಿಯ ಬೆಳಗಿನ ಕರಡನ್ನು ಹುಡುಕಿದ. ಮಣ್ಣು ಎಂದೇ ಇತ್ತು.

ಅವನು ಪುಸ್ತಕ ಕಟ್ಟುವ ಕೋಣೆಗೆ ಹೋದ. ಹತ್ತು ಹೆಜ್ಜೆಯ ದಾರಿ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡಿದ್ದ. ಒಳಗೆ ಹೋಗಿ ನಿಂತಾಗ ಬಾಯಿಗೆ ಬಂದದ್ದು ಬೇರೆ.

"ಮಹದೇವಮ್ಮನವರೇ, ಯಂತ್ರದಲ್ಲಿ ದೋಷವಿತ್ತು."

ಆಕೆ ಹಾಳೆ ತಟ್ಟುವುದನ್ನು ನಿಲ್ಲಿಸಿದಳು.

"ನಾಲ್ಕನೆಯ ಚುಕ್ಕೆಯೇ?"

"ಹೌದು."

"ಊಟದ ಮೇಲೆಯೇ?"

ಅವನು ತಲೆಯಾಡಿಸಿದ. ಅದು ಆಕೆಗೆ ಕಾಣದೆಂದು ನೆನಪಾಗಿ, "ಹೌದು" ಎಂದ.

"ಹಾಗಾದರೆ ಮೂರನೆಯ ತರಗತಿಯ ಪುಸ್ತಕಗಳನ್ನು ಮೊದಲು ವಾಪಸು ತರಿಸಿ ಸಾರ್. ಮಕ್ಕಳು ಅದನ್ನೇ ಓದುತ್ತಿದ್ದಾರೆ" ಎಂದಳು. ಆಮೇಲೆ ಮೇಜಿನ ಮೇಲಿನ ಒಂದು ಕಟ್ಟಿನಿಂದ ಹಾಳೆಯೊಂದನ್ನು ತೆಗೆದು ಅವನತ್ತ ಚಾಚಿದಳು. "ಇದು ಮೊನ್ನೆ ಬಂದದ್ದು. ಇದರಲ್ಲಿ ಮೂರು ಚುಕ್ಕೆ ಕೈಯಲ್ಲಿ ಒತ್ತಿದ್ದು. ಕೈಯಲ್ಲಿ ಒತ್ತಿದ ಚುಕ್ಕೆ ಬೇಗ ಸವೆಯುತ್ತದೆ. ಇದನ್ನೂ ಮತ್ತೆ ಮುದ್ರಿಸಬೇಕಾಗುತ್ತದೆ."

ಅವನು ಹಾಳೆಯನ್ನು ತೆಗೆದುಕೊಂಡ. ಒತ್ತಿದವರು ಯಾರೆಂದು ಆಕೆ ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ರಿಪೇರಿಯವನು ಬಂದು ಕೆಟ್ಟ ಮೆಮೊರಿಯ ಬಿಡಿಭಾಗವನ್ನು ಬದಲಾಯಿಸಿದ. ಹೊಸದನ್ನು ಹಾಕಿ, ಮತ್ತೆ ನಾಲ್ಕು ಸುತ್ತು ಓಡಿಸಿದರು. ಬಿಸಿಲು ಬಂದ ಮೇಲೂ ಸೊನ್ನೆಯೇ ನಿಂತಿತು. ಮೇಲ್ವಿಚಾರಕ ಐದೂ ಜನರನ್ನು ಕರೆದು, ದೋಷ ಯಂತ್ರದ್ದು, ಮಹದೇವಮ್ಮನವರದಲ್ಲ ಎಂದು ಹೇಳಿದ. ಅಂದು ನಕ್ಕಿದ್ದವನು ತಲೆ ಕೆರೆದುಕೊಂಡ. ಪುಸ್ತಕ ಕಟ್ಟುವ ಮುದುಕ ಮೆಲ್ಲಗೆ, "ಅದು ನಮಗೆ ಗೊತ್ತೇ ಇತ್ತು ಸಾರ್. ನೀವು ಕೇಳಲಿಲ್ಲ" ಎಂದ.

ಮಹದೇವಮ್ಮ ತನ್ನ ಕೀಲಿಗಳಿಗೆ ಮರಳಿದಳು. ತಪ್ಪಾದ ಪುಸ್ತಕಗಳೆಲ್ಲ ವಾಪಸು ಬಂದವು. ಆಕೆಯೇ ಕುಳಿತು ಅವನ್ನೆಲ್ಲ ಮತ್ತೆ ಸಿದ್ಧಪಡಿಸಿದಳು. ಗಿಡ ನೆಡುವ ವಿಷಯ ಕೇಳಿದ್ದ ಹುಡುಗಿಗೆ ಹೊಸ ಪುಸ್ತಕ ಹೋಯಿತು. ಮುದ್ರಣಾಲಯದ ಸಮಿತಿಯವರು ಸಭೆ ಸೇರಿ, ಯಾರಿಗೂ ತಿಳಿಯದಿದ್ದ ದೋಷವನ್ನು ತಾಳ್ಮೆಯಿಂದ ಪತ್ತೆ ಹಚ್ಚಿದ್ದಕ್ಕಾಗಿ ಮೇಲ್ವಿಚಾರಕನನ್ನು ಮೆಚ್ಚಿ ಮಾತಾಡಿದರು. ಅವನು ಕುಳಿತು ಕೇಳಿದ. ಎದ್ದು ಎರಡು ಮಾತು ಹೇಳಬೇಕೆಂದು ಬಗೆದ. ಸಭೆ ಬೇರೆ ವಿಷಯಕ್ಕೆ ಹೋಯಿತು.

ಅಲ್ಲಿಂದ ಮುಂದೆ ಮಹದೇವಮ್ಮ ಅವನ ಕೋಣೆಗೆ ಬಂದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ. ಆಕೆಗೆ ಅದು ತಿಳಿಯುತ್ತಿತ್ತೋ ಇಲ್ಲವೋ. ಆಕೆ ಹೋದ ಮೇಲೆ ಕುಳಿತುಕೊಂಡು, ಮೆಮೊರಿ ಕೆಟ್ಟಿದ್ದರೆ ತಾನೇನು ಮಾಡಲು ಸಾಧ್ಯವಿತ್ತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ದಿನಕ್ಕೆ ಎಷ್ಟು ಸಲ ಹೇಳಿಕೊಂಡರೂ ಅದು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಸ್ವಲ್ಪ ಕಾದು ನೋಡಿ ಹೇಳಿದ, "ಅವನು ಹೇಳಿಕೊಂಡದ್ದು ನಿಜವೇ ಅಲ್ಲವೇ ಗುರುಗಳೇ? ಯಂತ್ರ ಕೆಟ್ಟಿತ್ತು. ಅದಕ್ಕೆ ಅವನೇಕೆ ನಾಚಬೇಕು?"

"ಚುಕ್ಕೆಯನ್ನು ಅಳಿಸಿದ್ದು ಯಂತ್ರವೇ ಸರಿ, ಆಕೆಯನ್ನು ನಂಬಬೇಡ ಎಂದು ಅವನಿಗೆ ಹೇಳಿದ್ದು ಯಾವ ಯಂತ್ರ?" ಎಂದರು ಗುರುಗಳು.